ಅಪ್ಪ ಇಡೀ ದಿನ ನಿಂತದ್ದು

ಮಕ್ಕಳೇ, ನಾನಿನ್ನೂ ಚಿಕ್ಕವಳಿದ್ದಾಗ ಹುಕ್ಕೇರಿಯ ಪೇಟೆಯಲ್ಲಿ ನಮ್ಮದೊಂದು ಭಾಂಡೆ ಅಂಗಡಿ ಇತ್ತು. ಬಾಗಿಲಲ್ಲಿ ಹಿತ್ತಾಳೆ ಕೊಡಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಒಳಗೆಲ್ಲ ಅವನ್ನು ತಿಕ್ಕಿದ ಹುಣಸೆಹಣ್ಣಿನ ಹುಳಿ ವಾಸನೆ. ಕುರ್ಚಿ ಮಾತ್ರ ಒಂದೇ. ಅದು ಅಪ್ಪನದು. ಪಾತ್ರೆ ತೆಗೆದು ತೋರಿಸುವ ಕೆಲಸದವರನ್ನು ನಾವು ಕಾಕಾ ಅನ್ನುತ್ತಿದ್ದೆವು; ವಯಸ್ಸಿನಲ್ಲಿ ಅಪ್ಪನಿಗಿಂತ ದೊಡ್ಡವರು, ಆದರೂ ದೀಪ ಹಚ್ಚುವವರೆಗೆ ನಿಂತೇ ಇರುತ್ತಿದ್ದರು. ಒಮ್ಮೆ ಬೋರಲು ಹಾಕಿದ್ದ ಹಂಡೆಯ ಮೇಲೆ ಕುಳಿತದ್ದಕ್ಕೆ ಅಪ್ಪ, "ಏಳಲೇ! ಗಿರಾಕಿ ನೋಡಿದ್ರ ಏನ ಅಂದಾರು?" ಎಂದು ಕೂಗಿದ್ದ. ಕಾಕಾನ ಪಾದಗಳು ಊದಿದ್ದನ್ನು ನಾನು ನೋಡಿದ್ದೆ, ಅಪ್ಪ ನೋಡಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಪ್ಪನಿಗೆ, ಹೇಗೆ ಹೇಳಲಿ, ಸರಿಯಾಗಿ ಕೂರುವ ಜಾಗದಲ್ಲೇ ಕುರು ಎದ್ದಿತು. ನಿಂಬೆಹಣ್ಣಿನಷ್ಟು! ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತವನು "ಯಪ್ಪಾ!" ಎಂದು ಜಿಗಿದ ರಭಸಕ್ಕೆ ಲೋಟಗಳೆಲ್ಲ ಉರುಳಿದವು. ನಾನೂ ಅಕ್ಕನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಕಾಕಾ ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಪ್ಪ ಕೊಕ್ಕರೆಯಂತೆ ಕಾಲು ಬದಲಿಸತೊಡಗಿದ. ಕಾಕಾ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಗ್ವಾಡಿಗೆ ಹೆಗಲ ಹಚ್ರಿ ಸಾವಕಾರ್ರ. ಇನ್ನೊಂದ ತಾಸಿಗೆ ಕಾಲ ಜೋಮ ಹಿಡೀತಾವ, ಆಮ್ಯಾಲ ನೋವ ಗೊತ್ತಾಗೂದಿಲ್ಲ."

"ಎಷ್ಟ ವರ್ಷ ಆತೋ ನೀ ಹಿಂಗ ನಿಂದ್ರಾಕತ್ತು?"

"ನಿಮ್ಮ ದೊಡ್ಡ ಮಗಳು ಹುಟ್ಟೂಕಿಂತ ಮೊದಲಿಂದ್ರಿ."

 ಅಪ್ಪ ಕುರ್ಚಿಯನ್ನು ಕಾಕಾನ ಕಡೆ ಸರಿಸಿ, "ಕುಂದರ್ರಿ" ಎಂದ. ಆ 'ರಿ' ಕೇಳಿ ಕಾಕಾ ಗಾಬರಿಯಾಗಿ ತಮ್ಮ ಬೆನ್ನ ಹಿಂದೆ ಯಾರು ಬಂದರೆಂದು ತಿರುಗಿ ನೋಡಿದರು! ಕೊನೆಗೂ ಕುರ್ಚಿಯ ತುದಿಯಲ್ಲಿ ಅಂಜುತ್ತಂಜುತ್ತ ಕುಳಿತರು.

ಅಷ್ಟರಲ್ಲಿ ಹತ್ತರಗಿಯ ಗಿರಾಕಿಯೊಬ್ಬ ಒಳಗೆ ಬಂದ. ಕಾಕಾಗೆ ಕೈಮುಗಿದು, "ನಮಸ್ಕಾರ್ರಿ ಸಾವಕಾರ್ರ" ಎಂದವನೇ ಅಪ್ಪನತ್ತ ತಿರುಗಿ, "ಏ, ಆ ಮ್ಯಾಲಿನ ಹಂಡೆ ತಗಿಯಲೇ!" ಎಂದ.

ಅಪ್ಪನ ಮುಖ ತಾಮ್ರದ ತಂಬಿಗೆಯಂತೆ ಕೆಂಪಾಯಿತು. ಕಾಕಾ ದಡಬಡಿಸಿ ಎದ್ದರು. ಅಪ್ಪ ಅವರ ಹೆಗಲು ಒತ್ತಿ ಕೂರಿಸಿದ. "ನೀವ ಕುಂದರ್ರಿ, ನಾ ತಗೀತೇನಿ" ಎಂದು ನರಳುತ್ತ ತಾನೇ ಏಣಿ ಹತ್ತಿದ.

ಕುರು ವಾರದಲ್ಲಿ ಮಾಯಿತು. ಅಂಗಡಿಗೆ ಎರಡನೆಯ ಕುರ್ಚಿಯೂ ಬಂತು. ಕಾಕಾನಿಗೆ 'ಲೇ' ಅನ್ನುವುದನ್ನು ಅಪ್ಪ ಅಂದಿಗೇ ಬಿಟ್ಟ.

ಈಗ ನಿಮ್ಮ ಅಪ್ಪನ ಆಫೀಸಿನಲ್ಲಿ ಎಲ್ಲರಿಗೂ ತಿರುಗುವ ಕುರ್ಚಿ. ಬಹಳ ಹೊತ್ತು ಕೂತರೆ ಕೈಗಡಿಯಾರವೇ ಗುರ್ ಎಂದು ಎಬ್ಬಿಸುತ್ತದಂತೆ! ಆದರೆ ಮೊನ್ನೆ ಗೋಕಾಕದ ಬಟ್ಟೆ ಅಂಗಡಿಯಲ್ಲಿ ನಿಮಗೆ ಇಪ್ಪತ್ತು ಅಂಗಿ ಬಿಡಿಸಿ ತೋರಿಸಿದಳಲ್ಲ, ಆ ಹುಡುಗಿಗೆ ಅಂಥ ಗಡಿಯಾರದ ಅಗತ್ಯವೇ ಇಲ್ಲ ಮಕ್ಕಳೇ. ನಾವು ಹೋದಾಗಲೂ, ಹೊರಟಾಗಲೂ ಅವಳು ನಿಂತೇ ಇದ್ದಳು.