ಅತ್ತೆಯವರನ್ನು ಮಾತಾಡಿಸಿದ ದನಿ

ಆ ದಿನ ರಜೆ ಹಾಕಿ ಮನೆಯಲ್ಲಿದ್ದೆ. ಹಿತ್ತಲಲ್ಲಿ ಒಣಗದ ಬಟ್ಟೆಯನ್ನು ಒಳಗೆ ತಂದು ಹೀಟರ್ ಮೇಲೆ ಹರವಿದೆ. ಸೈಕಲ್ಲಿಗೆ ಗಾಳಿ ಹೊಡೆದೆ. ಆಮ್ಸ್ಟೆಲ್‌ವೀನಿನಲ್ಲಿರುವ ನಮ್ಮ ದೇಶದವರ ಅಂಗಡಿಗೆ ಹೋಗಿ ಜೋಳದ ಹಿಟ್ಟು, ಮೆಂತ್ಯ ಸೊಪ್ಪು ತಂದೆ. ಸೊಪ್ಪು ಸೋಸಿದೆ. ಉಳಿದ ಹೊತ್ತೆಲ್ಲ ಫೋನಿನಲ್ಲೇ ಹೋಯಿತು.

ಅತ್ತೆ ಧಾರವಾಡದಿಂದ ಬಂದು ನಮ್ಮಲ್ಲಿದ್ದರು. ಇಲ್ಲಿಯ ಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು, ಅವರ ಮೊಣಕಾಲಿಗೆ ಆಗುವಂಥದ್ದಲ್ಲ. ಅದಕ್ಕೆ ಕೆಳಗೆ ಹಾಲ್‌ನಲ್ಲೇ ಮಂಚ ಹಾಕಿದ್ದೆವು. ಬಂದ ಹೊಸದರಲ್ಲೇ ಅಡುಗೆಮನೆಯಲ್ಲಿ ತಲೆ ತಿರುಗಿ ಬಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮಗಳಿಗೆ ಶಾಲೆ. ಹಾಗಾಗಿ ಶೆಲ್ಫಿನ ಮೇಲೆ, ಫೋನಿನಿಂದಲೇ ತಿರುಗಿಸಿ ಮಾತಾಡಬಹುದಾದ ಒಂದು ಸಣ್ಣ ಕ್ಯಾಮೆರಾ ಇಟ್ಟೆವು. ಊರಲ್ಲಿರುವವರೂ ನೋಡಿಕೊಂಡಿರಲಿ ಎಂದು ಪಾಸ್‌ವರ್ಡನ್ನು ಮನೆಮಂದಿಯ ಗ್ರೂಪಿಗೆ ಹಾಕಿದೆವು. ಮೈದುನ ದಿನಾ ಅದರಿಂದಲೇ "ಅವ್ವಾ, ಗುಳಿಗಿ ತಗೊಂಡಿಯೇನ?" ಎಂದು ಕೇಳುತ್ತಿದ್ದ.

ಹಿಂದಿನ ಸಂಜೆ ನಾನು ಕೆಲಸದಿಂದ ಬಂದು ಕೋಟು ಬಿಚ್ಚುತ್ತಿದ್ದೆ. ಅತ್ತೆ, "ಸಣ್ಣಾಂವಗ ನೆಗಡಿ ಆಗೇತೇನ ನೋಡವಾ. ದನಿ ಒಡದಂಗಿತ್ತು. ಏನಂದ್ನೋ ಒಂದೂ ತಿಳೀಲಿಲ್ಲ. ಊಟ ಆತೇನೋ ಅಂದ್ರ ಬರೇ ನಗತಾನ" ಎಂದರು.

"ಯಾವಾಗ್ರಿ ಅತ್ತಿ?"

"ಜಳಕಾ ಮಾಡಿ ಸೀರಿ ಉಡಾಕತ್ತಿದ್ದೆ, ಆವಾಗ."

ಮೈದುನನಿಗೆ ಫೋನ್ ಮಾಡಿದೆ. "ನಾ ಇವತ್ತ ಕ್ಯಾಮೆರಾ ತಗದೇ ಇಲ್ಲಲ್ರೀ ವೈನಿ" ಎಂದ. ನಾದಿನಿಯರೂ ತೆಗೆದಿರಲಿಲ್ಲ. ಶೆಲ್ಫಿನ ಕಡೆ ನೋಡಿದೆ. ಯಾವಾಗಲೂ ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿರುತ್ತಿದ್ದ ಕ್ಯಾಮೆರಾ ಮಂಚದ ಕಡೆ ತಿರುಗಿತ್ತು. ಅದರ ಮೇಲೆ ಟವೆಲ್ ಹಾಕಿ, ಮಾತಾಡಿದವನು ಬೇರೆ ಯಾರೋ ಎಂದು ಅತ್ತೆಗೆ ಹೇಳಿದೆ.

ಈ ಊರಿನವರು ಕಿಟಕಿಗೆ ಪರದೆ ಎಳೆಯುವುದೇ ಅಪರೂಪ. ಅತ್ತೆ ಮಾತ್ರ ಸೀರೆ ಉಡುವ ಮೊದಲು ಪರದೆ ಎಳೆದು, ಸಂದಿ ಕಂಡಲ್ಲಿ ಬಟ್ಟೆ ಕ್ಲಿಪ್ಪು ಹಾಕುವವರು.

ಮರುದಿನ, ರಜೆಯ ದಿನ, ಮೊದಲು ಕ್ಯಾಮೆರಾ ಕೊಂಡ ಅಂಗಡಿಗೆ ಫೋನ್ ಮಾಡಿದೆ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ ಎಂದು ಡಬ್ಬಿಯ ಮೇಲೇ ಬರೆದಿದೆಯಲ್ಲ ಎಂದರು. ತಯಾರಿಸಿದ ಕಂಪನಿಗೆ ಬರೆದೆ. ಪತ್ರಕ್ಕೆ ಧನ್ಯವಾದ ಎಂದು ಯಂತ್ರವೇ ಉತ್ತರ ಕೊಟ್ಟಿತು. ಇಂಟರ್ನೆಟ್ ಕೊಡುವವರು ಸಂಗೀತ ಕೇಳಿಸಿ, ಕೇಳಿಸಿ, ಕೊನೆಗೆ ನಿಮ್ಮ ಲೈನ್ ಚೆನ್ನಾಗಿಯೇ ಇದೆ ಎಂದರು. ಪೊಲೀಸ್ ಹೆಣ್ಣುಮಗಳು ಮೆತ್ತಗೆ ಮಾತಾಡಿದಳು. ಯಾರಾದರೂ ಮನೆಯೊಳಗೆ ಬಂದಿದ್ದರೇ, ಏನಾದರೂ ಹೋಯಿತೇ ಎಂದು ಕೇಳಿದಳು. ಏನು ಹೋಯಿತೆಂದು ಹೇಳಲಿ? ದೂರು ಬರೆದುಕೊಂಡಳು. ಆ ಮನುಷ್ಯ ಯಾವ ದೇಶದಲ್ಲಿದ್ದಾನೋ, ಸಿಗುವುದು ಕಷ್ಟ ಎಂದೂ ಹೇಳಿದಳು. ಬೀದಿದೀಪ ಕೆಟ್ಟಿತೆಂದು ಖಿಮೇಂತೆಗೆ, ಅಂದರೆ ಇಲ್ಲಿನ ನಗರಸಭೆಗೆ, ಬರೆದರೆ ಏಣಿ ಹೊತ್ತು ಬರುತ್ತಾರೆ. ಇದಕ್ಕೆ ಯಾರು ಬರಬೇಕು? ಯಾರ ಉತ್ತರದಲ್ಲೂ ತಪ್ಪು ಹುಡುಕಲಾಗಲಿಲ್ಲ. ಅದೇ ನನ್ನನ್ನು ಸುಸ್ತು ಮಾಡಿತು.

ನಮ್ಮವರ ಕೆಲಸವೇ ಒಂದು ಬ್ಯಾಂಕಿನ ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯುವುದು. ನಮ್ಮ ಮನೆಯನ್ನು ಯಾಕೆ ಕಾಯಲಿಲ್ಲ ಎಂದು ಸಂಜೆ ಅವರನ್ನೇ ಕೇಳಿದೆ.

"ಅಲ್ಲಿ ಒಂದ್ ಫ್ಲೋರ್ ತುಂಬ ಮಂದಿ ಅದೀವಿ. ಮನೀಗೆ ಯಾರದಾರ?" ಎಂದರು.

"ನೀವದೀರಲ್ರೀ."

ಅವರು ಎದ್ದು ಶೆಲ್ಫಿನ ಕಡೆ ಹೋದರು. ಮಗಳು ಫೋನಿನಿಂದ ತಲೆ ಎತ್ತದೆ, "ಅಮ್ಮಾ, ಎವ್ರಿಬಡಿ ನೋಸ್, ಪಾಸ್‌ವರ್ಡ್ ಗ್ರೂಪಲ್ಲಿ ಹಾಕ್ಬಾರ್ದು" ಎಂದಳು.

"ಗೊತ್ತಿದ್ರ ಆವಾಗ ಯಾಕ ಹೇಳಲಿಲ್ಲ?"

"ನಾಟ್ ಮೈ ಕ್ಯಾಮೆರಾ!"

ನಮ್ಮವರು ಕ್ಯಾಮೆರಾ ಕಿತ್ತು ಅವ್ವನ ಕೈಗೇ ಕೊಟ್ಟರು. "ನೋಡವ್ವಾ, ವೈರ್ ತಗದೇನಿ. ಇನ್ನ ಏನೂ ಕಾಣಂಗಿಲ್ಲ."

ಅತ್ತೆ ಅದನ್ನು ತಿರುಗಿಸಿ ನೋಡಿ ಟೀಪಾಯಿಯ ಮೇಲಿಟ್ಟರು. "ಇದೇನೋ ಹೋತು. ನೋಡಿದಾಂವ ಎಲ್ಲಿ ಹೋದ?"

ನಮ್ಮವರು ವೈರನ್ನು ಸುತ್ತತೊಡಗಿದರು.

"ನಾಳಿಂದ ನಾ ಮ್ಯಾಲ ಹೋಗಿ ಸೀರಿ ಉಡ್ತೀನಿ" ಎಂದರು ಅತ್ತೆ.

"ಬ್ಯಾಡ್ರಿ ಅತ್ತಿ, ಆ ಮೆಟ್ಟಲಾ..."

"ಕುಂಡಿ ಊರಿ ಊರಿ ಹತ್ತತೀನಿ. ನೀ ಹೋಗು ನಿನ್ನ ಕೆಲಸಕ್ಕ."

ಇನ್ನೊಂದು ದಿನ ರಜೆ ಕೇಳಿ ಆಫೀಸಿಗೆ ಬರೆದೆ. ನಾಳೆ ಮೀಟಿಂಗ್ ಇದೆ, ಆಗದು ಎಂದು ಉತ್ತರ ಬಂತು. ನಾನು ಹೊರಡುವ ಮೊದಲೇ ಉಟ್ಟುಬಿಡಿ, ಮೆಟ್ಟಿಲಲ್ಲಿ ಹಿಂದೆ ನಿಂತು ಹಿಡಿದುಕೊಳ್ಳುತ್ತೇನೆ ಎಂದು ಅತ್ತೆಗೆ ಹೇಳಿದೆ. ಜಳಕ, ಪೂಜೆ ಮುಗಿಯುವುದೇ ಹತ್ತಕ್ಕೆ ಎಂದರು. ಅದೂ ನಿಜವೇ.

ರೊಟ್ಟಿ, ಮೆಂತ್ಯ ಪಲ್ಯ, ಮೊಸರು, ಶೇಂಗಾ ಚಟ್ನಿಪುಡಿ ಉಂಡೆವು. ಅತ್ತೆ ಅರ್ಧ ರೊಟ್ಟಿಗೆ ಸಾಕೆಂದರು. ಮೊದಲು ಮಲಗಿದವಳು ಮಗಳು, ಆಮೇಲೆ ನಮ್ಮವರು. ಅತ್ತೆ ದಿನದಂತೆ ಸೀರೆ ಬದಲಿಸದೆ, ಉಟ್ಟದ್ದರಲ್ಲೇ, ಮುಸುಕು ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದಿತ್ತೋ ಇಲ್ಲವೋ ಕೇಳಲಿಲ್ಲ.