ಖಾಲಿ ಬಿಡದ ವಾರಿಜಾಕ್ಷಿ

ತಿರುವನಂತಪುರದ ಕಾನೂನು ಇಲಾಖೆಯಲ್ಲಿರುವ ಕಾಸರಗೋಡಿನ ವಾರಿಜಾಕ್ಷಿ ಯಾವ ಅರ್ಜಿಯಲ್ಲೂ ಒಂದು ಕಾಲಂ ಖಾಲಿ ಬಿಟ್ಟವಳಲ್ಲ. ಕೈಯಲ್ಲೇ ಕೊಡುವ ಮದುವೆ ಉಡುಗೊರೆಯ ಲಕೋಟೆಗೂ ಪಿನ್‌ಕೋಡು ಬರೆಯುತ್ತಾಳೆ. ಗಂಡ ನಕ್ಕರೆ, "ಖಾಲಿ ಬಿಟ್ರೆ ನಾಳೆ ಅದೇ ಕೇಸಾಗ್ತದೆ ಮಾರಾಯ್ರೆ" ಎನ್ನುತ್ತಾಳೆ. ದಾನಿಯ ಅಂಡಾಣುವಿನಿಂದ ತಾಯಿಯಾಗಲು ಹೊರಟು ಎರಡು ಸಲ ಸೋತು, ಮೂರನೆಯ ಸಲದ ಫಲಿತಾಂಶಕ್ಕಾಗಿ ಕೊಚ್ಚಿಯ ಆಸ್ಪತ್ರೆಯಲ್ಲಿ ಕೂತಾಗಲೂ ಅವಳ ಪೆನ್ನು ನಿಲ್ಲಲಿಲ್ಲ. ಆಸ್ಪತ್ರೆಯವರು ಕೊಟ್ಟ ಅರ್ಜಿಯಲ್ಲಿ, ಮಗುವಿನ 'ತಾಯಿಯ ಕಡೆಯ ಕಾಯಿಲೆಗಳು' ಎಂಬಲ್ಲಿ ಅಮ್ಮನ ಸಕ್ಕರೆ ಕಾಯಿಲೆ, ಅಜ್ಜಿಯ ಉಬ್ಬಸ ಎಲ್ಲ ತುಂಬಿದಳು. ನರ್ಸ್ ಮಲಯಾಳದಲ್ಲಿ ಮೆತ್ತಗೆ, "ಚೇಚಿ, ಅಂಡಾಣು ನಿಮ್ಮದಲ್ಲವಲ್ಲ, ಇದು ಬೇಡ" ಎನ್ನುತ್ತ ಗೀಟು ಎಳೆಯಲು ಹೋದಳು. ವಾರಿಜಾಕ್ಷಿ ಕಾಗದದ ಮೇಲೆ ಅಂಗೈ ಇಟ್ಟುಬಿಟ್ಟಳು. ಅಮ್ಮನ ಆ ಸಕ್ಕರೆ ಕಾಯಿಲೆಯಾದರೂ ಮಗುವಿಗೆ ಸಿಗಬೇಕಿತ್ತು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.