ಹೊಟ್ಟೆಯಿಲ್ಲದ ಕ್ಯಾಪ್ಟನ್

ಸೋಫಾ ಹೊಲಿಯುವ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ದಬ್ಬಳದಕ್ಕ ಎಂದು. ದಪ್ಪ ರೆಕ್ಸಿನ್ನಿಗೆ ದಬ್ಬಳ ಹಾಕಿ ಎಳೆಯುವುದರಲ್ಲಿ ಅವಳದು ಎತ್ತಿದ ಕೈ. ಮಾತೂ ಹಾಗೇ, ಈಚೆ ಚುಚ್ಚಿದರೆ ಆಚೆ ಬರುವಂಥದ್ದು.

ಇಂಥವಳಿಗೊಂದು ಗುಟ್ಟಿನ ಚಟವಿತ್ತು. ಟೀವಿಯಲ್ಲಿ ಬರುತ್ತಿದ್ದ ಹಡಗಿನ ಧಾರಾವಾಹಿಯೊಂದು ಅರ್ಧಕ್ಕೇ ನಿಂತಾಗ, ‘ಅವರು ಬಿಟ್ಟರೆ ನಾನು ಬಿಡುತ್ತೇನೆಯೇ’ ಎಂದು ಅದರ ಕ್ಯಾಪ್ಟನ್ನನ ಮುಂದಿನ ಕಥೆಯನ್ನು ತಾನೇ ಮೊಬೈಲಿನಲ್ಲಿ ಬರೆದು ಅಭಿಮಾನಿಗಳ ತಾಣಕ್ಕೆ ಹಾಕತೊಡಗಿದಳು. ಅವಳ ಕ್ಯಾಪ್ಟನ್ ಟೀವಿಯವನಿಗಿಂತ ಒಂದು ಕೈ ಮೇಲು: ಸಿಡುಕುವುದಿಲ್ಲ, ಮರೆಯುವುದಿಲ್ಲ, ಬಿರುಗಾಳಿಯಲ್ಲೂ ಅಂಗಿ ಸುಕ್ಕಾಗುವುದಿಲ್ಲ. ಓದುವವರಿಗೆ ಅವನೆಂದರೆ ಪ್ರಾಣ.

ಒಂದು ದಿನ ‘ಗೂಬೆಮರಿ’ ಎಂಬ ಹೆಸರಿಟ್ಟುಕೊಂಡ ಓದುಗಿಯೊಬ್ಬಳು ಕಥೆಯ ಕೆಳಗೆ ಬರೆದಳು: ‘ಅಕ್ಕಾ, ನಿಮ್ಮ ಕ್ಯಾಪ್ಟನ್ನಿಗೆ ತಾನು ಇದ್ದೀನಿ ಅಂತಾನಾದ್ರೂ ಗೊತ್ತಾ? ಗಡಿಯಾರದ ಥರ ಎಲ್ಲಾ ಸರಿಯಾಗೇ ಮಾಡ್ತಾನೆ. ಗಡಿಯಾರಕ್ಕೆ ತನ್ನ ಅರಿವು ಇರುತ್ತಾ?’

ಉಗುರಿನ ಸಂದಿಗೆ ಸಿಬಿರು ಹೊಕ್ಕಂತಾಯಿತು. ಗಂಡನಿಗೆ ಊಟದ ಡಬ್ಬಿ ಕೊಡಲು ಅವನ ಸಲೂನಿಗೆ ಹೋದವಳು ಆ ಮಾತನ್ನೇ ತೆಗೆದಳು. ಅವಳ ಕಥೆಗಳನ್ನು ಮೊದಲು ಓದುವವನು ಅವನೇ.

“ರೀ, ನನ್ನ ಕ್ಯಾಪ್ಟನ್ನಿಗೆ ಅರಿವೇ ಇಲ್ವಂತೆ!”

ಅವನು ಕತ್ತರಿ ಒರೆಸುತ್ತ ನಕ್ಕ. “ಅವಳು ಹೇಳಿದ್ರಲ್ಲಿ ಸುಳ್ಳೇನಿದೆ ಕಣೇ? ಸ್ವಲ್ಪ ಹೊತ್ತು ಇಲ್ಲೇ ಕೂತು ನೋಡು.”

ಅಷ್ಟರಲ್ಲಿ ದಪ್ಪ ಮೀಸೆಯ ಗಿರಾಕಿಯೊಬ್ಬ ಫೋನಿನಲ್ಲಿ ಯಾರನ್ನೋ ಬೈಯುತ್ತ ಒಳಗೆ ಬಂದ. ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿದ್ದೇ ತಡ, ದನಿ ತಗ್ಗಿತು, ಗದ್ದ ಮೇಲೆದ್ದಿತು, ಹೊಟ್ಟೆ ಒಳಗೆ ಹೋಯಿತು. ಬೋಳಾದ ಜಾಗದ ಮೇಲೆ ಕೈ ತಾನಾಗಿ ಆಡಿತು.

ಅವನು ಹೋದ ಮೇಲೆ ಗಂಡ ಹೇಳಿದ: “ನೋಡಿದ್ಯಾ? ಕನ್ನಡಿ ಮುಂದೆ ಕೂತ ತಕ್ಷಣ ಮನುಷ್ಯನಿಗೆ ತಾನು ನೆನಪಾಗ್ತಾನೆ. ನಿನ್ನ ಕ್ಯಾಪ್ಟನ್ ಒಂದ್ಸಲಾನಾದ್ರೂ ಹೊಟ್ಟೆ ಒಳಗೆ ಎಳ್ಕೊಂಡಿದಾನಾ?”

“ಅವನಿಗೆ ಹೊಟ್ಟೇನೇ ಇಲ್ವಲ್ರೀ!”

“ಹಾಗಾದ್ರೆ ಹೊಟ್ಟೆ ಬರಿಸು. ಹೆತ್ತವಳು ನೀನೇ ತಾನೆ?”

ಮುಂದಿನ ಕಥೆಯಲ್ಲಿ ಹಡಗು ಬಂದರು ಸೇರಿತು, ಕ್ಯಾಪ್ಟನ್ ಕ್ಷೌರಕ್ಕೆ ಕೂತ. ಅಲ್ಲಿಂದಾಚೆ ಕೈ ಓಡಲಿಲ್ಲ. ಬರೆದಳು, ಅಳಿಸಿದಳು. ಕೊನೆಗೆ ಅವನ ಕಿವಿಯಲ್ಲೊಂದು ನರೆಗೂದಲು ಬರೆದಳು. ಅವನು ಕನ್ನಡಿಯಲ್ಲಿ ಅದನ್ನು ಕಂಡ, ಕ್ಷೌರಿಕನೂ ಕಂಡನೇ ಎಂದು ಓರೆಗಣ್ಣಿನಲ್ಲಿ ನೋಡಿದ. ಅಷ್ಟು ಬರೆದದ್ದೇ ದಬ್ಬಳದಕ್ಕನಿಗೆ ನಗು ತಡೆಯಲಾಗಲಿಲ್ಲ.

ಓದುಗರಲ್ಲಿ ಕೆಲವರು ಹೌಹಾರಿದರು: ದೇವರಂಥ ಕ್ಯಾಪ್ಟನ್ನನ ಕಿವಿಯಲ್ಲಿ ಕೂದಲೇ! ಗೂಬೆಮರಿ ಮಾತ್ರ ಬರೆದಳು: ‘ಈಗ ಮನುಷ್ಯ ಆದ. ಆದ್ರೆ ಅಕ್ಕಾ, ಆ ಕೂದಲು ಕಂಡಿದ್ದು ಅವನಿಗಾ, ನಿಮಗಾ?’

ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ. ಯೋಚಿಸಿ ಉತ್ತರಿಸಿದಳು: ‘ನನಗೇ ಕಣಮ್ಮ. ಅವನೊಳಗೆ ಅವನು ಅಂತ ಯಾರೂ ಇಲ್ಲ. ಆದ್ರೆ ಬರೀವಾಗ ನಾನು ಹೋಗಿ ಅಲ್ಲಿ ಕೂತಿರ್ತೀನಿ, ಓದುವಾಗ ನೀನು ಕೂತಿರ್ತೀಯ. ಪೂರ್ತಿ ಖಾಲಿ ಅಂತ ಹೇಗೆ ಹೇಳ್ಲಿ?’

‘ಇಷ್ಟು ಸಾಕು ಅಕ್ಕಾ’ ಎಂದಳು ಗೂಬೆಮರಿ.

ಆ ವಾರವೇ ದಬ್ಬಳದಕ್ಕ ಅಂಗಡಿಯಲ್ಲಿ ತನ್ನ ಗುಟ್ಟನ್ನು ಬಾಯಿಬಿಟ್ಟಳು. ಎಲ್ಲರೂ ಆಡಿಕೊಳ್ಳುತ್ತಾರೆಂದು ಅವಳ ಲೆಕ್ಕ. ಮಾಲೀಕ ಕಥೆಯನ್ನು ಪೂರ್ತಿ ಓದಿ, ಕನ್ನಡಕ ತೆಗೆದು, “ಅಲ್ಲಮ್ಮಾ, ಅಷ್ಟು ದೊಡ್ಡ ಹಡಗಲ್ಲಿ ಅವನಿಗೆ ಕೂರೋಕೆ ಒಂದು ನೆಟ್ಟಗಿನ ಸೋಫಾ ಬೇಡ್ವಾ?” ಎಂದ.

ದಬ್ಬಳದಕ್ಕ ಅಲ್ಲೇ ಕೂತು, ಬಟ್ಟೆಯ ಮಾದರಿಗಳನ್ನು ತೊಡೆಯ ಮೇಲೆ ಹರಡಿಕೊಂಡು, ಕ್ಯಾಪ್ಟನ್ನನಿಗೆ ಹಸಿರು ಬಣ್ಣ ಆರಿಸಿದಳು.